ಮಳೆಮಾಪಕ ಊರಿಗೆ ಬಂದ ಬಗೆ

ದಾವಣಗೆರೆ ಜಿಲ್ಲೆಯಲ್ಲಿ ಈ ತಿಂಗಳು ವಾಡಿಕೆಯಷ್ಟು ಮಳೆಯಾಗಿದೆ ಎಂದು ಪತ್ರಿಕೆಯಲ್ಲಿ ಓದಿದರೆ ಹೊನ್ನಾಳಿಯವರಿಗಾಗಲಿ ಜಗಳೂರಿನವರಿಗಾಗಲಿ ತಮ್ಮ ಹೊಲದ ಬಗ್ಗೆ ಏನೂ ತಿಳಿಯುವುದಿಲ್ಲ. 1997ರಲ್ಲಿ ಈ ಜಿಲ್ಲೆ ರಚನೆಯಾದಾಗ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳು ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ಹೊನ್ನಾಳಿಯ ಹೋಬಳಿಯಾಗಿದ್ದ ನ್ಯಾಮತಿ ಇತ್ತೀಚೆಗೆ ತಾನೇ ತಾಲ್ಲೂಕಾಯಿತು. ಕಚೇರಿ ಒಂದಾದರೂ ಇವುಗಳ ಮೇಲಿನ ಆಕಾಶ ಬೇರೆ ಬೇರೆಯೇ. ಕೂಡ್ಲಿಯಲ್ಲಿ ತುಂಗೆ, ಭದ್ರೆ ಕೂಡಿ ಹೊನ್ನಾಳಿಯ ಪಕ್ಕದಲ್ಲೇ ಹರಿಯುತ್ತವೆ. ಮಲೆನಾಡಿನ ಅಂಚಿನ ಮೋಡಗಳು ಚನ್ನಗಿರಿಯ ತೋಟಗಳವರೆಗೆ ಬಂದು ಅಲ್ಲಿಗೇ ತೆಳುವಾಗುತ್ತವೆ. ಜಗಳೂರಿನ ಮಸಾರಿ ನೆಲ ಮಾತ್ರ ಬಿತ್ತನೆಗೆ ಬೇಕಾದ ಒಂದು ಹದ ಮಳೆಗಾಗಿ ಆಷಾಢ ಪೂರ್ತಿ ಕಾದ ವರ್ಷಗಳಿವೆ. ಆಗಸ್ಟ್ ತಿಂಗಳ ಒಂದೇ ವಾರದಲ್ಲಿ ಹೊನ್ನಾಳಿಯ ಬಾಲರಾಜ್ ಘಾಟ್‌ನ ಮನೆಗಳಿಗೆ ಹೊಳೆ ನುಗ್ಗುವುದೂ ಜಗಳೂರಿನಲ್ಲಿ ಮೆಕ್ಕೆಜೋಳದ ಗರಿ ಸುರುಳಿಯಾಗುವುದೂ ಒಂದೇ ಜಿಲ್ಲಾಧಿಕಾರಿ ಕಚೇರಿಯ ಕಡತಕ್ಕೆ ಬರುತ್ತವೆ.

ಈ ಸ್ಮರಣ ಸಂಚಿಕೆಗೆ ನಾನು ಆಯ್ದುಕೊಂಡ ವಿಷಯ ಈ ವ್ಯತ್ಯಾಸವನ್ನು ಸರ್ಕಾರ ಅಳೆಯಲು ಕಲಿತ ಕಥೆ. ಬದಲಾಗುತ್ತಿರುವ ಹವಾಮಾನಕ್ಕೆ ಹೊಂದಿಕೊಳ್ಳಲು ಯುರೋಪಿನ ದೇಶಗಳು ರೂಪಿಸಿದ ನೀತಿಗಳ ಬಗ್ಗೆ ಸಾಕಷ್ಟು ಬರೆದಿದ್ದಾರೆ. ನಮ್ಮ ರಾಜ್ಯದಲ್ಲಿ ಅದೇ ಕೆಲಸವನ್ನು ಬೇರೆ ಹೆಸರಿನಲ್ಲಿ, ಬಹಳ ಮೊದಲೇ ಕೈಗೆತ್ತಿಕೊಂಡ ಸಂಸ್ಥೆಯೊಂದಿದೆ. ಅದು ಬೆಂಗಳೂರಿನ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಅದರ ಹೆಸರು ಹಳ್ಳಿಯ ಬಾಯಲ್ಲಿ ಅಷ್ಟಾಗಿ ಇಲ್ಲ. ಅದು ನಿಲ್ಲಿಸಿದ ಕಂಬ ಮಾತ್ರ ಹೆಚ್ಚು ಕಡಿಮೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಇದೆ.

ಮಳೆ ಅಳೆಯುವ ಅಭ್ಯಾಸ ನಮಗೆ ಹೊಸದೇನಲ್ಲ. 1876–78ರ ಧಾತು, ಈಶ್ವರ ಸಂವತ್ಸರಗಳ ಬರ ಮೈಸೂರು ಸಂಸ್ಥಾನವನ್ನು ಬುಡಸಮೇತ ಅಲುಗಾಡಿಸಿತು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷದೊಳಕ್ಕೆ ಇಳಿದಿತ್ತು. ಅದರ ಬೆನ್ನಿಗೇ ಭಾರತ ಸರ್ಕಾರದ ಕ್ಷಾಮ ಆಯೋಗ 1880ರಲ್ಲಿ ವರದಿ ಕೊಟ್ಟಿತು, ಪ್ರಾಂತ್ಯಗಳಲ್ಲಿ ಕ್ಷಾಮ ಸಂಹಿತೆಗಳು ಬಂದವು. 1890ರ ದಶಕದಲ್ಲಿ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಅವರ ಕೈಕೆಳಗೆ ಬೆಂಗಳೂರಿನ ವೀಕ್ಷಣಾಲಯ ಕೆಲಸ ಶುರುಮಾಡಿ, ಸಂಸ್ಥಾನದ ಮಳೆ ದಾಖಲೆಯನ್ನು ವರ್ಷವರ್ಷವೂ ಅಚ್ಚು ಹಾಕಿಸತೊಡಗಿತು. ತಾಲ್ಲೂಕು ಕಚೇರಿಯ ಅಂಗಳದಲ್ಲಿ ಒಂದು ಮಳೆಮಾಪಕ, ಬೆಳಿಗ್ಗೆ ಅದನ್ನು ನೋಡಿ ಪುಸ್ತಕದಲ್ಲಿ ಬರೆಯುವ ಒಬ್ಬ ಗುಮಾಸ್ತ: ಈ ಏರ್ಪಾಡು ಮುಂದೆ ನೂರು ವರ್ಷ ನಡೆಯಿತು.

ಅದರ ಮಿತಿ ರೈತರಿಗೆ ಚೆನ್ನಾಗಿ ಗೊತ್ತಿತ್ತು. ಮುಂಗಾರಿನ ಮಳೆ ಒಂದು ಊರಿನ ಹೊಲ ನೆನೆಸಿ ಪಕ್ಕದ ಊರಿನ ಗಡಿಯಲ್ಲಿ ನಿಂತುಬಿಡುತ್ತದೆ. ತಾಲ್ಲೂಕು ಕಚೇರಿಯ ಅಂಗಳದಲ್ಲಿ ಸುರಿದ ಮಳೆ ಇಡೀ ತಾಲ್ಲೂಕಿನ ಮಳೆಯಾಗಿ ದಾಖಲಾಗುತ್ತಿತ್ತು. ಬರ ಘೋಷಣೆಯಾಗಬೇಕಾದರೆ ಬೆಳೆ ಕಟಾವಿನ ಹೊತ್ತಿಗೆ ಆಣೆವಾರಿ ನೋಡಬೇಕಿತ್ತು, ಇಳುವರಿ ರೂಪಾಯಿಗೆ ಐವತ್ತು ಪೈಸೆಗಿಂತ ಕೆಳಗಿರಬೇಕಿತ್ತು. ಅಂದರೆ ಬೆಳೆ ಒಣಗಿ, ದನ ಮಾರಿ, ಗುಳೆ ಹೋದ ಮೇಲೆ ಸರ್ಕಾರಕ್ಕೆ ಬರ ಬಂದದ್ದು ತಿಳಿಯುತ್ತಿತ್ತು. ಕ್ಷಾಮ ಸಂಹಿತೆಯ ಕಾಲದಿಂದ ಬಂದ ಆಡಳಿತದ ರೂಢಿಯೇ ಅದು. ನಷ್ಟವಾಗಲಿ, ಆಮೇಲೆ ಪರಿಹಾರ ಕೊಡೋಣ ಎಂಬುದು ಅದರ ಒಳಗಿನ ಲೆಕ್ಕ.

1980ರ ದಶಕದ ನಡುವೆ ಸಾಲುಸಾಲಾಗಿ ಬಂದ ಬರಗಾಲಗಳು ಈ ಲೆಕ್ಕವನ್ನು ಬದಲಿಸಿದವು. 1988ರಲ್ಲಿ ರಾಜ್ಯ ಸರ್ಕಾರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಅಡಿಯಲ್ಲಿ ಬರ ಉಸ್ತುವಾರಿ ಘಟಕವನ್ನು ಸ್ಥಾಪಿಸಿತು. ಬರವನ್ನು ನೋಡಿಕೊಳ್ಳಲೆಂದೇ ರಾಜ್ಯವೊಂದು ವಿಜ್ಞಾನಿಗಳ ಕಚೇರಿ ತೆರೆದದ್ದು ದೇಶದಲ್ಲಿ ಅದೇ ಮೊದಲು. ರಿಯೊ ಡಿ ಜನೈರೊದ ಭೂಶೃಂಗದಲ್ಲಿ ಹವಾಮಾನ ಒಪ್ಪಂದಕ್ಕೆ ದೇಶಗಳು ಸಹಿ ಹಾಕಲು ಆಗ ಇನ್ನೂ ನಾಲ್ಕು ವರ್ಷ ಬಾಕಿ ಇತ್ತು. ಈ ಸಂಗತಿಯನ್ನು ನಮ್ಮವರು ಎದೆ ತಟ್ಟಿ ಹೇಳಿಕೊಳ್ಳುವುದಿಲ್ಲ, ಹೇಳಿಕೊಳ್ಳಬೇಕು.

ಘಟಕದ ಮೊದಲ ವರ್ಷಗಳ ಕೆಲಸ ಸರಳವಾಗಿತ್ತು: ಮಳೆ, ಜಲಾಶಯ, ಬಿತ್ತನೆ, ಅಂತರ್ಜಲದ ಅಂಕಿಗಳನ್ನು ಬೇರೆ ಬೇರೆ ಇಲಾಖೆಗಳಿಂದ ತರಿಸಿ ಒಂದೇ ಹಾಳೆಯಲ್ಲಿಡುವುದು. ಕಂದಾಯದವರ ಮಳೆ ಲೆಕ್ಕ ಕೃಷಿಯವರಿಗೆ ಗೊತ್ತಿಲ್ಲದ, ನೀರಾವರಿಯವರ ಜಲಾಶಯದ ಮಟ್ಟ ಕಂದಾಯದವರಿಗೆ ತಡವಾಗಿ ಮುಟ್ಟುವ ಕಾಲದಲ್ಲಿ ಇದು ಸಣ್ಣ ಕೆಲಸವಾಗಿರಲಿಲ್ಲ. 2005ರಲ್ಲಿ ದೇಶಕ್ಕೆ ವಿಪತ್ತು ನಿರ್ವಹಣಾ ಕಾಯ್ದೆ ಬಂತು. 2007ರಲ್ಲಿ ಘಟಕದ ಹೆಸರೂ ಹೊಣೆಯೂ ಹಿಗ್ಗಿ ಅದು ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಬರದ ಜೊತೆಗೆ ನೆರೆ, ಸಿಡಿಲು, ಭೂಕಂಪನಗಳೂ ಅದರ ಪಾಲಿಗೆ ಬಂದವು. ವಿ.ಎಸ್. ಪ್ರಕಾಶ್, ಆಮೇಲೆ ಜಿ.ಎಸ್. ಶ್ರೀನಿವಾಸ ರೆಡ್ಡಿ ಅವರು ನಿರ್ದೇಶಕರಾಗಿದ್ದ ಅವಧಿಗಳಲ್ಲಿ ಕೇಂದ್ರ ತನ್ನ ಅತಿ ದೊಡ್ಡ ಕೆಲಸವನ್ನು ನಡೆಸಿತು. ಮಳೆಮಾಪಕವನ್ನು ತಾಲ್ಲೂಕಿನಿಂದ ಹೋಬಳಿಗೆ, ಹೋಬಳಿಯಿಂದ ಗ್ರಾಮ ಪಂಚಾಯಿತಿಗೆ ಇಳಿಸಿದ್ದೇ ಆ ಕೆಲಸ.

ಈಗ ರಾಜ್ಯದಲ್ಲಿ ಇಂಥ ಸ್ವಯಂಚಾಲಿತ ಮಳೆಮಾಪಕಗಳು ಆರು ಸಾವಿರಕ್ಕೂ ಹೆಚ್ಚಿವೆ. ಹೋಬಳಿ ಮಟ್ಟದಲ್ಲಿ ಗಾಳಿ, ಉಷ್ಣತೆ, ತೇವಾಂಶ ಅಳೆಯುವ ಹವಾಮಾನ ಕೇಂದ್ರಗಳು ಬೇರೆ. ಯಂತ್ರದ ಒಳಗಿನ ಏರ್ಪಾಡು ಯಾರಿಗಾದರೂ ಅರ್ಥವಾಗುವಂಥದ್ದು. ಆಲಿಕೆಯಲ್ಲಿ ಬಿದ್ದ ಮಳೆ ಒಂದು ಪುಟ್ಟ ಬಟ್ಟಲಿಗೆ ಇಳಿಯುತ್ತದೆ. ಅದು ತುಂಬಿದ ಕೂಡಲೇ ಮಗುಚಿ ಜೊತೆಯ ಬಟ್ಟಲು ಮೇಲೆ ಬರುತ್ತದೆ, ಪ್ರತಿ ಮಗುಚಿಗೂ ಒಂದು ಎಣಿಕೆ ಬೀಳುತ್ತದೆ. ಸೌರಫಲಕದ ವಿದ್ಯುತ್ತಿನಿಂದ, ಮೊಬೈಲ್ ಜಾಲದ ಮೂಲಕ ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಯಲಹಂಕಕ್ಕೆ ಹೋಗುತ್ತದೆ. ಮರುದಿನ ಬೆಳಿಗ್ಗೆ ಎಂಟೂವರೆಗೆ ನೋಡಿ ಬರೆಯುತ್ತಿದ್ದ ಅಂಕಿ, ಮಳೆ ಸುರಿಯುತ್ತಿರುವಾಗಲೇ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕಾಣುವಂತಾಯಿತು.

ನ್ಯಾಮತಿಯ ಮಳೆ ಹೊನ್ನಾಳಿಯ ಲೆಕ್ಕದಲ್ಲಿ, ಜಗಳೂರಿನ ಗಡಿ ಹಳ್ಳಿಯ ಒಣಹವೆ ಪಟ್ಟಣದ ಒಂದು ಗುಡುಗು ಮಳೆಯ ಲೆಕ್ಕದಲ್ಲಿ ಮುಚ್ಚಿಹೋಗುವುದು ಇದರಿಂದ ತಪ್ಪಿತು. ಕೇಂದ್ರದ ಸಹಾಯವಾಣಿ ‘ವರುಣಮಿತ್ರ’ಕ್ಕೆ ರೈತ ಹಗಲಾಗಲಿ ರಾತ್ರಿಯಾಗಲಿ ಫೋನ್ ಮಾಡಿ ತನ್ನ ಹೋಬಳಿಯ ಮುನ್ಸೂಚನೆ ಕೇಳಬಹುದು. ಕೇಳುವ ಪ್ರಶ್ನೆಗಳಲ್ಲಿ ನಮ್ಮ ಸೀಮೆಯ ಬದುಕೇ ಇರುತ್ತದೆ. ನಾಳೆ ಔಷಧಿ ಹೊಡೆಯಬಹುದೇ, ಕಣದಲ್ಲಿ ಹರವಿದ ಮೆಕ್ಕೆಜೋಳಕ್ಕೆ ತಾಡಪಾಲು ಮುಚ್ಚಬೇಕೇ, ಬೇಯಿಸಿದ ಅಡಿಕೆಯನ್ನು ಅಂಗಳಕ್ಕೆ ಹಾಕಬಹುದೇ, ಈರುಳ್ಳಿ ಕೀಳಿಸಲು ಆಳು ಕರೆಯಬಹುದೇ. ಆರಿದ್ರಾ, ಪುನರ್ವಸು ಎಂದು ನಕ್ಷತ್ರ ನೋಡಿ ಬಿತ್ತುವವರು ನಕ್ಷತ್ರವನ್ನು ಬಿಟ್ಟಿಲ್ಲ, ಅದರ ಜೊತೆಗೆ ಫೋನನ್ನೂ ಇಟ್ಟುಕೊಂಡಿದ್ದಾರೆ. ಮುಂದೆ ‘ಸಿಡಿಲು’ ಎಂಬ ಆ್ಯಪ್ ಬಂತು. ಹೊಲದಲ್ಲಿ, ಕುರಿಹಟ್ಟಿಯಲ್ಲಿ ಬಯಲಿಗೆ ಸಿಕ್ಕವರೇ ಸಿಡಿಲಿಗೆ ಹೆಚ್ಚಾಗಿ ಬಲಿಯಾಗುವ ನಾಡಿನಲ್ಲಿ ಅದರ ಅಗತ್ಯವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಪಂಚಾಯಿತಿ ಮಟ್ಟದ ಮಳೆಮಾಪಕ ಹಣದ ಲೆಕ್ಕವನ್ನು ಹೇಗೆ ಬದಲಿಸಿತು ಎಂಬುದಕ್ಕೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ಅಡಿಕೆ ತೋಟಗಳೇ ಸಾಕ್ಷಿ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅಧಿಕಾರಿ ತೋಟಕ್ಕೆ ಬಂದು ನಷ್ಟ ನೋಡುವುದಿಲ್ಲ. ಪಂಚಾಯಿತಿಯ ಮಾಪಕದಲ್ಲಿ ಮಳೆ ನಿಗದಿತ ಮಟ್ಟಕ್ಕಿಂತ ಹೆಚ್ಚು ದಿನ, ಹೆಚ್ಚು ಪ್ರಮಾಣದಲ್ಲಿ ಬಿದ್ದರೆ, ಇಲ್ಲವೇ ಕಡಿಮೆ ಬಿದ್ದರೆ, ಪರಿಹಾರದ ಮೊತ್ತ ಸೂತ್ರದ ಪ್ರಕಾರ ನಿಗದಿಯಾಗಿ ನೇರವಾಗಿ ಖಾತೆಗೆ ಬರುತ್ತದೆ. ಹೆಕ್ಟೇರು ಅಡಿಕೆಗೆ 1,28,000 ರೂಪಾಯಿ ವಿಮಾ ಮೊತ್ತಕ್ಕೆ ರೈತನ ಕಂತು ಶೇ. 5, ಅಂದರೆ 6,400 ರೂಪಾಯಿ. ಕೊಳೆರೋಗಕ್ಕೆ ಮೂಲ ಎಡೆಬಿಡದ ಮಳೆ, ಹಾಗಾಗಿ ಮಳೆಯನ್ನು ಅಳೆದರೆ ರೋಗದ ಅಪಾಯವನ್ನೂ ಅಳೆದಂತೆ ಎಂಬ ತರ್ಕ ಇದರ ಹಿಂದಿದೆ. ಒಪ್ಪಬಹುದಾದ ತರ್ಕವೇ. ಆದರೆ ಇಡೀ ಪಂಚಾಯಿತಿಯ ಹಣ ಒಂದು ಕಂಬದ ಮೇಲೆ ನಿಂತಿರುವಾಗ ಆ ಕಂಬದ ಆರೈಕೆ ಯಾರ ಹೊಣೆ ಎಂಬ ಪ್ರಶ್ನೆ ಏಳುತ್ತದೆ. ಆಲಿಕೆಗೆ ಎಲೆ ಬಿದ್ದು ಮುಚ್ಚಿದರೆ, ಪಕ್ಕದ ಮರ ಬೆಳೆದು ಮಳೆಗೆ ಅಡ್ಡವಾದರೆ, ಬ್ಯಾಟರಿ ಸತ್ತರೆ, ಆ ದಿನಗಳಿಗೆ ಹತ್ತಿರದ ಬೇರೆ ಕೇಂದ್ರದ ಅಂಕಿ ತೆಗೆದುಕೊಳ್ಳುತ್ತಾರೆ. ಆಗ ಹಳೆಯ ದೂರು ಮರಳಿ ಬರುತ್ತದೆ: “ನಮ್ಮೂರಾಗೆ ಮಳಿ ಬಂದಿದ್ದೇ ಬೇರೆ, ಲೆಕ್ಕದಾಗೆ ಬಂದಿದ್ದೇ ಬೇರೆ.” ಇದಕ್ಕೆ ಪರಿಹಾರ ಹೊಸ ತಂತ್ರಜ್ಞಾನದಲ್ಲಿಲ್ಲ. ಮಾಪಕದ ದಿನದ ಅಂಕಿಯನ್ನು ಪಂಚಾಯಿತಿಯ ಗೋಡೆಗೆ ದಿನವೂ ಬರೆದರೆ ತಪ್ಪು ಅಂದೇ ಕಾಣುತ್ತದೆ, ಅಂದೇ ಸರಿಪಡಿಸಬಹುದು. ಕಟ್ಟಿದ ಕಂತಿಗೆ ರೈತ ಪಡೆಯಬೇಕಾದ ಮೊದಲ ರಸೀದಿ ಆ ಅಂಕಿಯೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಬರದ ಘೋಷಣೆಯೂ ಬದಲಾಯಿತು. 2016ರ ಕೊನೆಯಲ್ಲಿ ಕೇಂದ್ರ ಸರ್ಕಾರ ಬರ ನಿರ್ವಹಣೆಯ ಹೊಸ ಕೈಪಿಡಿ ತಂದಿತು. ಮಳೆಯ ಕೊರತೆ, ಸತತ ಒಣಹವೆಯ ವಾರಗಳು, ಮಣ್ಣಿನ ತೇವ, ಉಪಗ್ರಹ ಕಂಡ ಹಸಿರು, ಕೊನೆಗೆ ಹೊಲದಲ್ಲಿ ಪರಿಶೀಲನೆ ಎಂಬ ಕ್ರಮ ಬಂತು. ಈ ಅಂಕಿಗಳೆಲ್ಲ ಸಿದ್ಧವಿದ್ದುದರಿಂದಲೇ ಕರ್ನಾಟಕ 2023ರ ಸೆಪ್ಟೆಂಬರ್ 13ರಂದು, ಹಂಗಾಮು ಇನ್ನೂ ನಡೆಯುತ್ತಿರುವಾಗಲೇ, 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಲು ಸಾಧ್ಯವಾಯಿತು. ಮುಂದಿನ ತಿಂಗಳುಗಳಲ್ಲಿ ಅದು 236ರಲ್ಲಿ 223ಕ್ಕೆ ಏರಿತು. ಘೋಷಣೆ ಬೇಗ ಬಂದರೂ ದುಡ್ಡು ಬೇಗ ಬರಲಿಲ್ಲ. ರಾಜ್ಯ 18 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಕೇಳಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಬೇಕಾಯಿತು, 2024ರ ಏಪ್ರಿಲ್‌ನಲ್ಲಿ ಬಿಡುಗಡೆಯಾದದ್ದು 3,400 ಕೋಟಿ ಚಿಲ್ಲರೆ. ಅಷ್ಟರಲ್ಲಿ ಚನ್ನಗಿರಿಯ ರೈತರು ಬತ್ತಿದ ಬೋರುಗಳ ಪಕ್ಕದಲ್ಲಿ ನಿಂತು, ಟ್ಯಾಂಕರ್ ನೀರು ಕೊಂಡು, ಗಿಡಗಿಡಕ್ಕೂ ಉಣಿಸಿ ತೋಟ ಉಳಿಸಿಕೊಳ್ಳುತ್ತಿದ್ದರು.

ಅದೇ 2023ರಲ್ಲಿ ಭದ್ರಾ ಅಚ್ಚುಕಟ್ಟಿನಲ್ಲಿ ನಡೆದದ್ದನ್ನು ಇಲ್ಲಿ ದಾಖಲಿಸಲೇಬೇಕು. 71.5 ಟಿಎಂಸಿ ಸಾಮರ್ಥ್ಯದ, 186 ಅಡಿ ಪೂರ್ಣ ಮಟ್ಟದ ಭದ್ರಾ ಜಲಾಶಯ ಆ ವರ್ಷ ತುಂಬಲಿಲ್ಲ. ನಾಲೆಗೆ ಎಂದು, ಎಷ್ಟು ದಿನ ನೀರು ಬಿಡಬೇಕು ಎಂಬುದನ್ನು ತೀರ್ಮಾನಿಸುವುದು ನೀರಾವರಿ ಸಲಹಾ ಸಮಿತಿ, ರೈತರ ಬಾಯಲ್ಲಿ ‘ಐಸಿಸಿ’. ಆಗಸ್ಟ್‌ನಲ್ಲಿ ನೂರು ದಿನ ನೀರು ಎಂದು ನಂಬಿ ದಾವಣಗೆರೆ ಕಡೆಯ ರೈತರು ಭತ್ತ ನಾಟಿ ಮಾಡಿದರು. ಸೆಪ್ಟೆಂಬರ್‌ನಲ್ಲಿ ತೀರ್ಮಾನ ಬದಲಾಗಿ ಕೆಲವು ದಿನ ಬಿಡುವುದು, ಕೆಲವು ದಿನ ನಿಲ್ಲಿಸುವುದು ಎಂದಾಯಿತು. ನಾಲೆಯ ಕೊನೆಯ ಭಾಗದ ಗದ್ದೆಗೆ ನೀರು ಮುಟ್ಟಲು ದಿನಗಟ್ಟಲೆ ಬೇಕು, ಅದು ಮುಟ್ಟುವ ಹೊತ್ತಿಗೆ ನಿಲ್ಲಿಸುವ ದಿನ ಬಂದಿರುತ್ತದೆ. ದಾವಣಗೆರೆ ಬೀದಿಗಿಳಿಯಿತು, ಬಂದ್ ಆಯಿತು. ಮೇಲ್ಭಾಗದ ಅಡಿಕೆ ಬೆಳೆಗಾರನಿಗೆ ಬೇಸಿಗೆಯಲ್ಲಿ ನೀರು ಉಳಿಯಬೇಕು, ಕೊನೆಯ ಭಾಗದ ಭತ್ತದವನಿಗೆ ಈಗ ಬೇಕು. ಇಬ್ಬರ ಬೇಡಿಕೆಯೂ ನ್ಯಾಯವಾದದ್ದೇ. ಮಳೆಯ, ಜಲಾಶಯದ ಅಂಕಿಗಳನ್ನು ನಾಟಿಗೆ ಮೊದಲೇ ರೈತರ ಮುಂದಿಟ್ಟು ಅರೆ ನೀರಾವರಿ ಬೆಳೆಗೆ ಒಪ್ಪಿಸಬಹುದಿತ್ತು. ಮಳೆ ಅಳೆಯುವ ಸಂಸ್ಥೆಯೂ ನೀರು ಹಂಚುವ ಸಮಿತಿಯೂ ಒಂದೇ ಸರ್ಕಾರದವು, ಆದರೆ ಅವುಗಳ ಸಭೆಗಳು ಬೇರೆ ಬೇರೆ ನಡೆಯುತ್ತವೆ.

ಯುರೋಪಿನ ಅನುಭವ ನಮಗೆ ಉಪಯೋಗಕ್ಕೆ ಬರುವುದು ಈ ಜಾಗದಲ್ಲೇ. 2002ರಲ್ಲಿ ಎಲ್ಬ್, ಡ್ಯಾನ್ಯೂಬ್ ನದಿಗಳ ನೆರೆ, 2003ರ ಬೇಸಿಗೆಯಲ್ಲಿ ಫ್ರಾನ್ಸ್ ಒಂದರಲ್ಲೇ ಸುಮಾರು 15,000 ಜನರನ್ನು ಬಲಿತೆಗೆದುಕೊಂಡ ಬಿಸಿಗಾಳಿ, ಇವೆರಡೂ ಅಲ್ಲಿನ ಸರ್ಕಾರಗಳನ್ನು ಎಚ್ಚರಿಸಿದವು. 2007ರಲ್ಲಿ ಯುರೋಪಿಯನ್ ಕಮಿಷನ್ ಹವಾಮಾನ ಹೊಂದಾಣಿಕೆಯ ಚರ್ಚಾಪತ್ರ ಹೊರಡಿಸಿತು, 2009ರಲ್ಲಿ ಶ್ವೇತಪತ್ರ, 2013ರಲ್ಲಿ ಮೊದಲ ಕಾರ್ಯತಂತ್ರ, 2021ರಲ್ಲಿ ಎರಡನೆಯದು. ಗಡಿ ದಾಟುವ ನದಿಗಳಿಗಾಗಿ ಇಡೀ ಖಂಡಕ್ಕೆ ಒಂದು ನೆರೆ ಮುನ್ನೆಚ್ಚರಿಕೆ ವ್ಯವಸ್ಥೆಯನ್ನೂ ಕಟ್ಟಿದರು. ಆ ವ್ಯವಸ್ಥೆ 2021ರ ಜುಲೈನಲ್ಲಿ ಜರ್ಮನಿಯ ಅಧಿಕಾರಿಗಳಿಗೆ ದಿನಗಳ ಮೊದಲೇ ಎಚ್ಚರಿಕೆ ಕೊಟ್ಟಿತ್ತು. ಆದರೂ ಆರ್ ಕಣಿವೆ ಮತ್ತು ಸುತ್ತಲಿನ ಪ್ರದೇಶದಲ್ಲಿ 180ಕ್ಕೂ ಹೆಚ್ಚು ಜನ ಸತ್ತರು. ನದಿ ಏರುತ್ತದೆ ಎಂಬ ಸುದ್ದಿ ಕಂಪ್ಯೂಟರಿನಲ್ಲಿತ್ತು, ಮನೆ ಬಿಟ್ಟು ಮೇಲಕ್ಕೆ ಹೋಗಿ ಎಂಬ ಮಾತು ಹೊಳೆದಂಡೆಯ ಎಷ್ಟೋ ಮನೆಗಳಿಗೆ ಹೊತ್ತಿಗೆ ಸರಿಯಾಗಿ ಮುಟ್ಟಲಿಲ್ಲ.

ಹೊನ್ನಾಳಿಯಲ್ಲಿ ಆ ಕೊನೆಯ ಗಳಿಗೆಯ ಕೆಲಸ ಬಹಳ ಕಾಲದಿಂದ ಒಂದು ರೂಢಿಗೆ ಬಂದಿದೆ. ಭದ್ರಾ ಜಲಾಶಯ ದೊಡ್ಡದು, ಮಲೆನಾಡಿನ ಮಳೆಯನ್ನು ವಾರಗಟ್ಟಲೆ ತಡೆದಿಡಬಲ್ಲದು. ತುಂಗೆಗೆ ಇರುವ ಗಾಜನೂರು ಜಲಾಶಯ 3 ಟಿಎಂಸಿಗಿಂತ ಸ್ವಲ್ಪ ಹೆಚ್ಚಿನದು, ಪ್ರತಿವರ್ಷ ಮೊದಲು ತುಂಬುವುದೇ ಅದು. ಶೃಂಗೇರಿ, ತೀರ್ಥಹಳ್ಳಿ ಕಡೆ ಜೋರು ಮಳೆಯಾದರೆ ಗಾಜನೂರಿನ ಗೇಟು ಎತ್ತಲೇಬೇಕು, ಆ ನೀರು ಶಿವಮೊಗ್ಗ ದಾಟಿ ನಮ್ಮತ್ತ ಬರುತ್ತದೆ. ಹೊನ್ನಾಳಿಯಲ್ಲಿ ಕೇಂದ್ರ ಜಲ ಆಯೋಗದ ನದಿ ಮಾಪನ ಕೇಂದ್ರವಿದೆ. ಭದ್ರೆಯ ಗೇಟೂ ತೆರೆದ ದಿನ ಹೊಳೆಯ ಮಟ್ಟ ನೋಡುವ ಕಣ್ಣುಗಳು ಹೆಚ್ಚಾಗುತ್ತವೆ. ತಹಸೀಲ್ದಾರ್ ಕಚೇರಿಯಿಂದ ಧ್ವನಿವರ್ಧಕದ ವಾಹನ ಹೊರಡುತ್ತದೆ, ಬಾಲರಾಜ್ ಘಾಟ್‌ನವರು ಪಾತ್ರೆಪಡಗ ಕಟ್ಟಿಕೊಂಡು ಕಾಳಜಿ ಕೇಂದ್ರಕ್ಕೆ ಹೋಗುತ್ತಾರೆ. 2019ರ ಆಗಸ್ಟ್‌ನ ನೆರೆಯಲ್ಲೂ ಹೀಗೇ ಆಯಿತು. ಎಚ್ಚರಿಕೆ ಮುಟ್ಟುತ್ತದೆ, ಜೀವ ಉಳಿಯುತ್ತದೆ ಎಂಬುದು ಸಣ್ಣ ಸಾಧನೆಯಲ್ಲ. ಆದರೆ ಅದೇ ಕುಟುಂಬಗಳು ಅದೇ ಜಾಗಕ್ಕೆ ಮರಳಿ ಮತ್ತೆ ಅದೇ ನೀರಿಗೆ ಕಾಯುವುದನ್ನು ಹೊಂದಾಣಿಕೆ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಅವರಿಗೆ ಊರ ಹತ್ತಿರದಲ್ಲೇ, ಕೂಲಿಗೆ ಹೋಗಲು ಅನುಕೂಲವಾಗುವಂತೆ, ಎತ್ತರದ ಜಾಗದಲ್ಲಿ ಮನೆ ಸಿಗಬೇಕು. ಹೊಂದಾಣಿಕೆ ನೀತಿಗೆ ಹೊನ್ನಾಳಿಯಲ್ಲಿ ಇದಕ್ಕಿಂತ ಮೊದಲಿನ ಕೆಲಸವಿಲ್ಲ.

ಭಾರತದ ರಾಷ್ಟ್ರೀಯ ಹವಾಮಾನ ಬದಲಾವಣೆ ಕ್ರಿಯಾಯೋಜನೆ ಎಂಟು ಅಭಿಯಾನಗಳೊಂದಿಗೆ ಬಂದದ್ದು 2008ರ ಜೂನ್ 30ರಂದು. ರಾಜ್ಯಗಳೂ ತಮ್ಮ ಯೋಜನೆ ಸಿದ್ಧಪಡಿಸಬೇಕೆಂದಾಗ ಕರ್ನಾಟಕದಲ್ಲಿ ಆ ಹೊಣೆ ಪರಿಸರ ನಿರ್ವಹಣೆ ಮತ್ತು ನೀತಿ ಸಂಶೋಧನಾ ಸಂಸ್ಥೆ ‘ಎಂಪ್ರಿ’ಯ ಪಾಲಿಗೆ ಬಂತು. ಬರಹದಲ್ಲಿ ಯೋಜನೆ ಅಚ್ಚುಕಟ್ಟಾಗಿದೆ. ನೆಲದ ಮೇಲೆ ಹುಡುಕಿದರೆ ಮಾತ್ರ ಅದು ಹವಾಮಾನ ಎಂಬ ಹೆಸರಿನಲ್ಲಿ ಸಿಗುವುದಿಲ್ಲ, ಕೆರೆ ತುಂಬಿಸುವ ಕಾಮಗಾರಿಯಾಗಿ ಸಿಗುತ್ತದೆ.

ಜಗಳೂರಿನ 57 ಕೆರೆಗಳ ಯೋಜನೆಯನ್ನೇ ನೋಡಿ. ಹರಿಹರದ ಬಳಿ ದೀಟೂರಿನಲ್ಲಿ ತುಂಗಭದ್ರೆಯಿಂದ ನೀರೆತ್ತಿ ಜಗಳೂರು ಸೀಮೆಯ ಕೆರೆಗಳಿಗೆ ಹರಿಸುವ ಈ ಯೋಜನೆಗೆ ಸಿರಿಗೆರೆಯ ತರಳಬಾಳು ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿಯವರ ಒತ್ತಾಸೆ ಎಲ್ಲರಿಗೂ ಗೊತ್ತಿರುವುದೇ. ಬರದ ತಾಲ್ಲೂಕೆಂದೇ ಹೆಸರಾದ ಊರಿನಲ್ಲಿ ಪೈಪಿನ ಬಾಯಿಂದ ಹೊಳೆಯ ನೀರು ಕೆರೆಗೆ ಬಿದ್ದಾಗ ಜನ ಬಾಗಿನ ಅರ್ಪಿಸಿದ್ದು ಸಹಜ. ಇದರ ಜೊತೆಗೆ ಭದ್ರಾ ಮೇಲ್ದಂಡೆ ಯೋಜನೆಯೂ ಇದೆ: ತುಂಗೆಯಿಂದ 17.40, ಭದ್ರೆಯಿಂದ 12.50, ಒಟ್ಟು 29.90 ಟಿಎಂಸಿ ನೀರನ್ನು ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರಿಗೆ ಹನಿ ನೀರಾವರಿಯ ಮೂಲಕ ಕೊಡುವ ಯೋಜನೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಘೋಷಿಸಿದ 5,300 ಕೋಟಿ ರೂಪಾಯಿಗಾಗಿ ಹೋರಾಟ ಆಮೇಲೂ ನಿಲ್ಲಲಿಲ್ಲ. ಆ ನೀರು ಬೇಗ ಬರಲಿ ಎಂದು ಜಗಳೂರಿನವರಂತೆಯೇ ನಾನೂ ಬಯಸುತ್ತೇನೆ. ಆದರೆ ಈ ಎರಡೂ ಯೋಜನೆಗಳ ನೀರು ಬರುವುದು ಮಲೆನಾಡಿನ ಮಳೆಯಿಂದಲೇ, 2023ರಲ್ಲಿ ಕೈಕೊಟ್ಟ ಅದೇ ಮಳೆಯಿಂದ. ಹೊಳೆಯಲ್ಲಿ ನೀರಿರುವ ತಿಂಗಳುಗಳಲ್ಲಿ ಎತ್ತಬೇಕು, ಎತ್ತಿದ್ದನ್ನು ಕೆರೆಯಲ್ಲಿ ಇಂಗಿಸಿ ಸುತ್ತಲಿನ ಬೋರುಗಳಿಗೆ ಜೀವ ಕೊಡಬೇಕು. ಹಾಗಾಗಬೇಕಾದರೆ ಕೆರೆಯ ಹೂಳು ಹೋಗಿರಬೇಕು, ಏರಿ ಗಟ್ಟಿಯಿರಬೇಕು, ಹಳ್ಳದಿಂದ ಬರುವ ನೀರಿನ ದಾರಿ ತೆರೆದಿರಬೇಕು. ಪೈಪಿನ ನೀರು ಬಂತೆಂದು ಆಕಾಶದ ನೀರಿನ ದಾರಿ ಮುಚ್ಚಿಬಿಟ್ಟರೆ ಕೆರೆ ಬರಿ ತೊಟ್ಟಿಯಾಗುತ್ತದೆ.

ಈ ಮಾತಿಗೆ ಸಾಕ್ಷಿ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಶಾಂತಿಸಾಗರ. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಗೆ ಅಡ್ಡಲಾಗಿ ಕಟ್ಟಿದ ಏರಿ ಸಾವಿರ ಅಡಿಯೂ ಉದ್ದವಿಲ್ಲ, ಹಿಂದೆ ನಿಲ್ಲುವ ನೀರು ಸುಮಾರು 6,550 ಎಕರೆ ಹರಡುತ್ತದೆ. ಹರಿದ್ರಾ ಹಳ್ಳದ ಜಲಾನಯನ ಸುಮಾರು 330 ಚದರ ಕಿಲೋಮೀಟರ್. ಸಿದ್ಧ ನಾಲೆ, ಬಸವ ನಾಲೆ ಎಂಬ ಎರಡು ನಾಲೆಗಳಿಂದ ಗದ್ದೆಗೆ ನೀರು. ಮಾರಿಕಣಿವೆಯ ವಾಣಿವಿಲಾಸ ಸಾಗರ ಆಗುವವರೆಗೆ ಮೈಸೂರು ಸಂಸ್ಥಾನದ ಅತಿ ದೊಡ್ಡ ಕೆರೆ ಇದೇ. ಶಾಂತವ್ವೆ ಕಟ್ಟಿಸಿದಳೆಂದು ಜನ ಹೇಳುವ ಈ ಕೆರೆಗೆ ಎಂಟು ನೂರು ವರ್ಷಗಳಿಗೂ ಮೀರಿದ ಆಯುಸ್ಸಿದೆ. ಅಷ್ಟು ವರ್ಷಗಳ ಬರ, ನೆರೆಗಳನ್ನು ಕಂಡೂ ಅದು ಉಳಿದದ್ದು ಪ್ರತಿ ತಲೆಮಾರಿನವರೂ ಏರಿ, ತೂಬು, ಕೋಡಿಗಳನ್ನು ನೋಡಿಕೊಂಡದ್ದರಿಂದ. ಇವತ್ತು ಚಿತ್ರದುರ್ಗ ನಗರ ಸೇರಿ ಎಷ್ಟೋ ಊರುಗಳು ಕುಡಿಯುವುದು ಇದೇ ನೀರನ್ನು. ಕೆರೆಯ ಗಡಿ ಗುರುತಿಸಿ ಒತ್ತುವರಿ ತೆರವು ಮಾಡಿ, ಹೂಳೆತ್ತಿ ಎಂದು ಖಡ್ಗ ಸಂಘದವರು ವರ್ಷಗಟ್ಟಲೆ ನಡೆಸಿದ ಹೋರಾಟವನ್ನು ಹವಾಮಾನ ನೀತಿಯ ಇತಿಹಾಸದಲ್ಲಿ ಯಾರೂ ಬರೆಯುವುದಿಲ್ಲ. ಈ ಸಂಚಿಕೆಯಲ್ಲಾದರೂ ಅದು ಇರಲಿ.

ವಿಕೋಪ ಉಸ್ತುವಾರಿ ಕೇಂದ್ರ ಈಗ ಕಂದಾಯ ಇಲಾಖೆಯ ವಿಪತ್ತು ನಿರ್ವಹಣಾ ವ್ಯವಸ್ಥೆಯ ಭಾಗ. ವಿಜ್ಞಾನದ ಕಚೇರಿಯಾಗಿ ಹುಟ್ಟಿದ್ದು ಆಡಳಿತದ ಕೈಗೆ ಹತ್ತಿರವಾದದ್ದು ಒಳ್ಳೆಯದೇ. ಇನ್ನೊಂದು ಹೆಜ್ಜೆ ಬಾಕಿ ಇದೆ. ಭದ್ರಾ ಸಲಹಾ ಸಮಿತಿ ನೀರು ಬಿಡುವ ತೀರ್ಮಾನಕ್ಕೆ ಕುಳಿತಾಗ ಜಲಾಶಯದ ಮಟ್ಟದ ಜೊತೆಗೆ ಅಚ್ಚುಕಟ್ಟಿನ ಪ್ರತಿ ಪಂಚಾಯಿತಿಯ ಮಳೆ, ಒಣಹವೆಯ ದಿನಗಳು ಮತ್ತು ಮುಂದಿನ ವಾರಗಳ ಮುನ್ಸೂಚನೆ ಮೇಜಿನ ಮೇಲಿರಬೇಕು, ಅದೇ ಹಾಳೆ ಅದೇ ದಿನ ಹೋಬಳಿಯ ರೈತ ಸಂಪರ್ಕ ಕೇಂದ್ರದ ಗೋಡೆಯ ಮೇಲೂ ಇರಬೇಕು. ಜಗಳೂರಿನ ಕೆರೆಗಳಿಗೆ ಯಾವ ವಾರ ಎಷ್ಟು ನೀರೆತ್ತಬೇಕು ಎಂಬ ಲೆಕ್ಕಕ್ಕೂ, ಬಾಲರಾಜ್ ಘಾಟ್‌ನವರಿಗೆ ಎಷ್ಟು ಎತ್ತರದ ನಿವೇಶನ ಬೇಕು ಎಂಬ ಲೆಕ್ಕಕ್ಕೂ ಬೇಕಾದ ಅಂಕಿಗಳು ಯಲಹಂಕದಲ್ಲಿ, ಹೊನ್ನಾಳಿಯ ನದಿ ಮಾಪನ ಕೇಂದ್ರದಲ್ಲಿ ಈಗಾಗಲೇ ಇವೆ.